ಎರಡೂ ಕಡೆಯ ದಲ್ಲಾಳಿ

ಬೆಳಿಗ್ಗೆ ಎಂಟೂವರೆಗೆ ನರ್ಸಮ್ಮ ಫೋನ್ ಮಾಡಿ, ನೀವು ನನ್ನ ಕಡೆಯವರು ತಾನೇ ಎಂದು ಕೇಳಿದರು. ದಲ್ಲಾಳಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೌದೆಂದ. ಒಂಬತ್ತಕ್ಕೆ ಗಡಿಯಾರ ರಿಪೇರಿಯವರು ಫೋನ್ ಮಾಡಿ ಅದನ್ನೇ ಕೇಳಿದರು. ಆಗ ಬಾಯಲ್ಲಿ ಬ್ರಷ್ ಇರಲಿಲ್ಲ, ಯೋಚಿಸಲು ಸಮಯವೂ ಇತ್ತು. ಆದರೂ ಹೌದೆಂದ.

ತೊಂದರೆ ಏನೆಂದರೆ, ನರ್ಸಮ್ಮ ಮಾರಲು ಹೊರಟಿದ್ದ ಮನೆಯನ್ನೇ ಗಡಿಯಾರದವರು ಕೊಳ್ಳಲು ಹೊರಟಿದ್ದರು.

ಅವನನ್ನು ತೀರಾ ಬೈಯುವಂತೆಯೂ ಇಲ್ಲ. ಮೂರು ತಿಂಗಳಿಂದ ಒಂದು ವ್ಯಾಪಾರವೂ ಕುದುರಿರಲಿಲ್ಲ. ಈ ತಿಂಗಳೂ ಹೀಗೇ ಆದರೆ ನಮ್ಮಣ್ಣನ ಬಣ್ಣದ ಅಂಗಡಿಯಲ್ಲಿ ಡಬ್ಬ ಎತ್ತಿಡಲು ಹೋಗಿ ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಆ ಭಾವನೋ, ಹೊಸದಾಗಿ ಬಣ್ಣ ಬಳಿದ ಬೆಂಚಿನಂಥವನು. ಒಂದು ಸಲ ಪಕ್ಕದಲ್ಲಿ ಕೂತರೆ ಸಲೀಸಾಗಿ ಎದ್ದು ಬರುವಂತಿರಲಿಲ್ಲ.

ಹನ್ನೊಂದು ಗಂಟೆಗೆ ದಲ್ಲಾಳಿ ನರ್ಸಮ್ಮನನ್ನು ಆ ಮನೆಯ ಅಡುಗೆಮನೆಯಲ್ಲಿ ಕೂರಿಸಿದ. ಮಾರುವವರ ಮುಖ ಕಂಡರೆ ರೇಟು ಬೀಳುತ್ತದೆ, ಹೊರಗೆ ಬರಬೇಡಿ ಎಂದ. ಗಡಿಯಾರದವರನ್ನು ಹಜಾರದಲ್ಲಿ ಕೂರಿಸಿ, ಕೊಳ್ಳುವವರ ಮುಖ ಕಂಡರೆ ರೇಟು ಏರುತ್ತದೆ, ಒಳಗೆ ಹೋಗಬೇಡಿ ಎಂದ. ನಡುವಿನ ಓಣಿಯಂಥ ಜಾಗದಲ್ಲಿ ತಾನು ಓಡಾಡತೊಡಗಿದ.

ಕೆಲಸವನ್ನು ಅವನು ಮನಸ್ಸಿಟ್ಟು ಮಾಡಿದ ಎನ್ನಲೇಬೇಕು. ಹಜಾರಕ್ಕೆ ಹೋದಾಗ ಕೊಳ್ಳುವವರ ಪರವಾಗಿ ಮನೆಯನ್ನು ಬೈದ. ಉತ್ತರದ ಗೋಡೆ ಜಿನುಗುತ್ತದೆ, ನೆಲ ಎಷ್ಟು ಇಳಿಜಾರೆಂದರೆ ನಿಂಬೆಹಣ್ಣು ಬಿದ್ದರೆ ಅದು ಬೀದಿಗೆ ಹೋಗಿ ನಿಲ್ಲುತ್ತದೆ, ನಲವತ್ತು ಲಕ್ಷದ ಮೇಲೆ ಒಂದು ಬಿಡಿಗಾಸೂ ಕೊಡಬೇಡಿ. ಗಡಿಯಾರದವರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು, ಉತ್ತರದ ಗೋಡೆಯನ್ನು ಅಂಗುಲ ಅಂಗುಲವಾಗಿ ನೋಡಿ ತಲೆಯಾಡಿಸಿದರು. ಅಡುಗೆಮನೆಗೆ ಹೋದಾಗ ಮಾರುವವರ ಪರವಾಗಿ ಮನೆಯನ್ನು ಹೊಗಳಿದ. ಇಂಥ ಕಿಟಕಿ ಮಾಡುವ ಬಡಗಿಗಳು ಈಗ ಹುಟ್ಟುವುದೇ ಇಲ್ಲ, ಐದು ವರ್ಷದಲ್ಲಿ ಬೆಲೆ ದುಪ್ಪಟ್ಟಾಗುತ್ತದೆ, ಅರವತ್ತಕ್ಕಿಂತ ಕೆಳಗೆ ಇಳಿಯಬೇಡಿ. ನರ್ಸಮ್ಮ ತಮ್ಮದೇ ಕಿಟಕಿಯನ್ನು ಮೊದಲ ಸಲ ಕಂಡವರಂತೆ ನೋಡಿದರು.

ಹೀಗೆ ಒಂದು ಗಂಟೆ ಓಡಾಡಿ ಇಬ್ಬರನ್ನೂ ಐವತ್ತಕ್ಕೆ ತಂದು ನಿಲ್ಲಿಸುವುದು ಅವನ ಲೆಕ್ಕ. ನಿಲ್ಲಿಸುತ್ತಿದ್ದನೋ ಏನೋ. ಅಷ್ಟರಲ್ಲಿ ಎದುರುಮನೆಯ ಅಂಚೆಯಣ್ಣ ಬಂದರು.

ಅಂಚೆಯಣ್ಣ ಮೂವತ್ತೈದು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದವರು. ಕಾಗದ ನಿಂತುಹೋಗಿತ್ತು, ಹಂಚುವ ಅಭ್ಯಾಸ ನಿಂತಿರಲಿಲ್ಲ. ಒಂದು ಮನೆಯಲ್ಲಿ ಬಿದ್ದ ಮಾತನ್ನು ಇನ್ನೊಂದು ಮನೆಗೆ ತಲುಪಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನರ್ಸಮ್ಮನ ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ ಕಂಡದ್ದೇ ಒಳಗೆ ಬಂದು ಗಡಿಯಾರದವರ ಪಕ್ಕ ಕೂತರು. ದಲ್ಲಾಳಿ ಗೋಡೆಯನ್ನು ಬೈಯುವುದನ್ನು ಪೂರ್ತಿ ಕೇಳಿಸಿಕೊಂಡು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನರ್ಸಮ್ಮನಿಗೆ ಒಪ್ಪಿಸಿದರು. ಅಲ್ಲೇ ನಿಂತು ಕಿಟಕಿಯ ಹೊಗಳಿಕೆಯನ್ನೂ ಕೇಳಿ, ತಂದು ಗಡಿಯಾರದವರಿಗೆ ಮುಟ್ಟಿಸಿದರು. ಒಂದಕ್ಷರ ಕಳೆಯಲಿಲ್ಲ, ಒಂದಕ್ಷರ ಸೇರಿಸಲಿಲ್ಲ.

ಮುಂದಿನ ಸುತ್ತಿನಲ್ಲಿ ದಲ್ಲಾಳಿ ಅಡುಗೆಮನೆಗೆ ಹೋದಾಗ ನರ್ಸಮ್ಮನ ಮುಖ ಸಣ್ಣದಾಗಿತ್ತು.

"ನನಗೆ ಅರವತ್ತು ಬೇಡ. ನಲವತ್ತು ಸಾಕು," ಎಂದರು. "ಈ ಮನೆಗೆ ಇಷ್ಟೆಲ್ಲ ಕಾಯಿಲೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ರೋಗಿಯ ರಿಪೋರ್ಟು ಮುಚ್ಚಿಟ್ಟು ಡಿಸ್ಚಾರ್ಜ್ ಮಾಡೋ ಅಭ್ಯಾಸ ನನಗಿಲ್ಲ."

ದಲ್ಲಾಳಿ ಗಾಬರಿಯಿಂದ ಹಜಾರಕ್ಕೆ ಓಡಿದ. ಅಲ್ಲಿ ಗಡಿಯಾರದವರು ಭೂತಗನ್ನಡಿಯನ್ನು ಕಿಟಕಿಗೆ ಹಿಡಿದು ನಿಂತಿದ್ದರು.

"ನಲವತ್ತು ಅನ್ನೋಕೆ ನನಗೆ ನಾಚಿಕೆ ಆಗತ್ತೆ," ಎಂದರು. "ಒಳ್ಳೆ ಮಾಲಿಗೆ ಕಮ್ಮಿ ಬೆಲೆ ಕಟ್ಟಿದ್ರೆ ನನಗೆ ನಿದ್ದೆ ಬರಲ್ಲ. ಅರವತ್ತು ಅಂತ ಹೇಳಿ."

ದಲ್ಲಾಳಿ ಓಣಿಯಲ್ಲಿ ಗೋಡೆ ಹಿಡಿದು ನಿಂತ. ಮಾರುವವರಿಗೆ ನಲವತ್ತು ಸಾಕು, ಕೊಳ್ಳುವವರು ಅರವತ್ತು ಕೊಡುತ್ತಾರೆ. ನಡುವೆ ಇಪ್ಪತ್ತು ಲಕ್ಷ ವಾರಸುದಾರರಿಲ್ಲದೆ ನಿಂತಿತ್ತು. ಒಂದು ಕೆಟ್ಟ ಯೋಚನೆ ಬಂದು ಅವನ ಭುಜ ಮುಟ್ಟಿತು. ಆದರೆ ಅಂಗಡಿಯವನು ಮರೆತು ಹೆಚ್ಚು ಚಿಲ್ಲರೆ ಕೊಟ್ಟರೆ ಎರಡು ಬೀದಿ ದಾಟಿ ವಾಪಸು ಕೊಟ್ಟು ಬರುವ ಆಸಾಮಿ ಅವನು. ಬೆವರಿದ, ಯೋಚನೆಯನ್ನು ಕೊಡವಿ ಹಾಕಿದ, ಇಬ್ಬರಿಗೂ ನಿಜವನ್ನೇ ಹೇಳಿದ. ಅಲ್ಲಿಗೆ ಕೆಟ್ಟಿತು.

ಅರವತ್ತು ಎಂದು ಕೇಳಿದ ನರ್ಸಮ್ಮ ಕಣ್ಣು ಕಿರಿದು ಮಾಡಿದರು. ಅರ್ಧ ಗಂಟೆಯ ಹಿಂದೆ ನಲವತ್ತು ಎಂದವರು ಈಗ ಅರವತ್ತು ಎನ್ನಬೇಕಾದರೆ ಈ ನೆಲದ ಕೆಳಗೆ ಏನೋ ಇರಬೇಕು, ನಾನು ಮಾರುವುದಿಲ್ಲ ಎಂದರು. ನಲವತ್ತು ಎಂದು ಕೇಳಿದ ಗಡಿಯಾರದವರು ಭೂತಗನ್ನಡಿಯನ್ನು ಜೇಬಿಗೆ ಹಾಕಿದರು. ಅರವತ್ತು ಕೇಳುತ್ತಿದ್ದವರು ತಾವಾಗಿಯೇ ಇಪ್ಪತ್ತು ಇಳಿಸಬೇಕಾದರೆ ಈ ಮನೆ ನಾಳೆಯೋ ನಾಡಿದ್ದೋ ಬೀಳುತ್ತದೆ, ನಾನು ಕೊಳ್ಳುವುದಿಲ್ಲ ಎಂದರು. ಇಬ್ಬರೂ ಹೊರಟು ಓಣಿಯಲ್ಲಿ ಎದುರುಬದುರಾದರು. ನಡುವೆ ದಲ್ಲಾಳಿ, ತಂತಿಯ ಮೇಲೆ ಒಣಹಾಕಿದ ಅಂಗಿಯ ಹಾಗೆ.

"ಇವರು ನನ್ನ ಕಡೆಯವರು," ಎಂದರು ನರ್ಸಮ್ಮ.

"ಇಲ್ಲಮ್ಮ, ನನ್ನ ಕಡೆಯವರು," ಎಂದರು ಗಡಿಯಾರದವರು.

ಇಬ್ಬರೂ ಅವನ ಮುಖ ನೋಡಿದರು. ದಲ್ಲಾಳಿ ನಗಲು ಪ್ರಯತ್ನಿಸಿದ. ಆ ನಗು ಮೊದಲು ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ ಬಂತು, ಕೊನೆಗೆ ಎಲ್ಲೂ ಜಾಗ ಸಿಗದೆ ಮಾಯವಾಯಿತು.

ಇನ್ನು ಮುಂದೆ ತಮ್ಮ ಪರವಾಗಿ ಮಾತಾಡಲು ತಮ್ಮದೇ ಒಬ್ಬರನ್ನು ಇಟ್ಟುಕೊಳ್ಳುವುದಾಗಿ ನರ್ಸಮ್ಮ ಹೇಳಿ ಹಿಂಬಾಗಿಲಿಂದ ಹೋದರು. ಗಡಿಯಾರದವರೂ ಅದನ್ನೇ ಹೇಳಿ ಮುಂಬಾಗಿಲಿಂದ ಹೋದರು. ಖಾಲಿ ಮನೆಯಲ್ಲಿ ಒಬ್ಬನೇ ಇರುವುದು ಸರಿಯಲ್ಲವೆಂದು ದಲ್ಲಾಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಬೀದಿಯಲ್ಲಿ ಒಂದು ನಾಯಿ ಅವನನ್ನು ನೋಡಿ, ಬೊಗಳುವಷ್ಟು ಮುಖ್ಯ ಮನುಷ್ಯನಲ್ಲವೆಂದು ತೀರ್ಮಾನಿಸಿ ಮಲಗಿತು.

ಕಾಲು ಗಂಟೆಯಾಗಿರಬೇಕು. ಯಾವಾಗಲೋ ಮನೆ ಸೇರಿದ್ದ ಅಂಚೆಯಣ್ಣ ಎದುರುಮನೆಯಿಂದ ಕೈಬೀಸಿ ಕರೆದರು. ಹೋಗಿ ನೋಡಿದರೆ ಒಂದು ಮೇಜು. ಆ ಕಡೆ ನರ್ಸಮ್ಮ, ಈ ಕಡೆ ಗಡಿಯಾರದವರು, ಮೇಜಿನ ತುದಿಯಲ್ಲಿ ಕನ್ನಡಕ ಏರಿಸಿಕೊಂಡ ಅಂಚೆಯಣ್ಣ. ಹಿಂಬಾಗಿಲಿಂದ ಹೋದವರೂ ಮುಂಬಾಗಿಲಿಂದ ಹೋದವರೂ ನೇರವಾಗಿ ಇಲ್ಲಿಗೇ ಬಂದಿದ್ದರು. ಇಬ್ಬರೂ ಬೇರೆಬೇರೆಯಾಗಿ, ನನ್ನ ಪರವಾಗಿ ಮಾತಾಡಿ ಎಂದು ಅವರನ್ನೇ ಕೇಳಿದ್ದರು. ಮನೆ ಐವತ್ತಕ್ಕೆ ಮುಗಿದಿತ್ತು. ಇಬ್ಬರಿಂದಲೂ ಕಮಿಷನ್ ಅಂಚೆಯಣ್ಣನಿಗೆ.

ದಲ್ಲಾಳಿ ಅಂಚೆಯಣ್ಣನತ್ತ ಬೆರಳು ತೋರಿದ. "ಇವರೂ ಎರಡೂ ಕಡೆಯವರೇ ಅಲ್ವಾ? ನಾನು ಮಾಡಿದ್ದೂ ಅದೇ ತಾನೇ?"

"ಹೌದು," ಎಂದರು ನರ್ಸಮ್ಮ, ಇಂಜೆಕ್ಷನ್ ಕೊಟ್ಟಷ್ಟು ಸಮಾಧಾನವಾಗಿ. "ಆದ್ರೆ ಇವರು ಮೊದಲೇ ಹೇಳಿದ್ರು. 'ನಾನು ಇಬ್ಬರ ಕಡೆಯವನೂ ಹೌದು, ನನಗೆ ಯಾವ ಗುಟ್ಟೂ ಹೇಳಬೇಡಿ, ನನ್ನ ಬಾಯಲ್ಲಿ ನಿಲ್ಲಲ್ಲ' ಅಂತ. ಅದಕ್ಕೇ ನಂಬಿಕೆ ಬಂತು."

ಗಡಿಯಾರದವರು ತಲೆಯಾಡಿಸಿದರು. ಗುಟ್ಟು ಹೇಳುವಂತಿಲ್ಲ ಎಂದಮೇಲೆ ಇಬ್ಬರೂ ಮೊದಲಿಂದ ಮನಸ್ಸಿನಲ್ಲಿದ್ದ ಬೆಲೆಯನ್ನೇ ಹೇಳಬೇಕಾಯಿತಂತೆ. ಎರಡೂ ಐವತ್ತೇ ಆಗಿತ್ತಂತೆ.

ಆದರೆ ಅಂಚೆಯಣ್ಣನಿಗೆ ಒಂದು ತೊಡಕಿತ್ತು. ಜೀವಮಾನವಿಡೀ ಬೇರೆಯವರು ಬರೆದದ್ದನ್ನು ಹಂಚಿದವರೇ ಹೊರತು ತಾವು ಒಂದು ಸಾಲೂ ಬರೆದವರಲ್ಲ. ಕರಾರು ಪತ್ರ ಹೇಗಿರಬೇಕೆಂದು ಅವರಿಗೆ ತಿಳಿಯದು. ದಲ್ಲಾಳಿ ನಿಟ್ಟುಸಿರುಬಿಟ್ಟು ಪೆನ್ನು ತೆಗೆದ. ಉತ್ತರದ ಗೋಡೆ ಎಲ್ಲಿ ಜಿನುಗುತ್ತದೆ, ಕಿಟಕಿ ಯಾವ ಮರದ್ದು, ನೆಲದ ಇಳಿಜಾರು ಎಷ್ಟು, ಎಲ್ಲವನ್ನೂ ಮೂರು ಪುಟ ಚೊಕ್ಕವಾಗಿ ಬರೆದು ಓದಿ ಹೇಳಿದ. ಇಬ್ಬರೂ ಸಹಿ ಹಾಕಿದರು. ಇಷ್ಟು ಮುದ್ದಾದ ಅಕ್ಷರ ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಅಂಚೆಯಣ್ಣ ಹೊಗಳಿದರು.

ಅವನು ಎದ್ದು ಗೇಟಿನವರೆಗೆ ಬಂದಾಗ ಅಂಚೆಯಣ್ಣ ಹಿಂದೆಯೇ ಬಂದು, ಮೊದಲ ಬಾರಿಗೆ ದನಿ ತಗ್ಗಿಸಿ ಮಾತಾಡಿದರು.

"ಹಿಂದಿನ ಬೀದಿಯಲ್ಲಿ ಇನ್ನೊಂದು ಮನೆ ಇದೆ. ಮಾರೋರೂ ಬಂದು ಹೋದ್ರು, ಕೊಳ್ಳೋರೂ ಬಂದು ಹೋದ್ರು. ನನ್ನೊಬ್ಬನ ಕೈಲಿ ಆಗಲ್ಲ. ಬರೆಯೋಕೆ ಒಬ್ಬ ಅಸಿಸ್ಟೆಂಟ್ ಬೇಕು. ಸಂಬಳ ಹೆಚ್ಚೇನಿಲ್ಲ."

ದಲ್ಲಾಳಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಆಮೇಲೆ, ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.