ಕರುವಿಗೆ ಭೇದಿ, ಗುಮಾಸ್ತನಿಗೆ ರಜೆ

ಆ ದಿನ ನಿಧಾನಯ್ಯನಿಗೆ ರಜೆ ಬೇಕಾಗಿದ್ದದ್ದು ಮಲಗುವುದಕ್ಕೆ. ಬೇರೆ ಯಾವ ಕಾರಣವೂ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹದಿನೆಂಟು ವರ್ಷ ಗುಮಾಸ್ತಿಕೆ ಮಾಡಿ, ಒಂದು ಫೈಲು ಎಷ್ಟು ನಿಧಾನವಾಗಿ ಚಲಿಸಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟು ಆ ಹೆಸರು ಗಳಿಸಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಮಲಗಬೇಕು ಎಂದು ರಜೆ ಕೇಳುವಂತಿಲ್ಲವಲ್ಲ. ಜ್ವರ, ಸೊಂಟನೋವು, ಮಾವನ ಕಣ್ಣಿನ ಆಪರೇಷನ್ನು ಎಲ್ಲವೂ ಆ ವರ್ಷಕ್ಕೆ ಖರ್ಚಾಗಿ ಹೋಗಿದ್ದವು. ಸಾಹೇಬರು ಫೋನೆತ್ತಿ ಹಲೋ ಅಂದಾಗಲೂ ಕಾರಣ ಹೊಳೆದಿರಲಿಲ್ಲ. ಕಿಟಕಿಯಾಚೆ, ಪಕ್ಕದ ಮನೆಯ ಹಾಲಿನಕ್ಕನ ಹಿತ್ತಲಲ್ಲಿ, ಹನ್ನೆರಡು ದಿನದ ಕರುವೊಂದು ಬಾಲ ಎತ್ತಿಕೊಂಡು ಕುಣಿಯುತ್ತಿತ್ತು.

"ಕರುವಿಗೆ ಭೇದಿ ಸಾರ್," ಅಂದುಬಿಟ್ಟ. "ನೋಡ್ಕೊಳ್ಳೋರು ಯಾರೂ ಇಲ್ಲ. ಇವತ್ತೊಂದು ದಿನ..."

ನಿಧಾನಯ್ಯ ಬೈಗುಳಕ್ಕೆ ಕಿವಿ ಹದಮಾಡಿಕೊಂಡ.

"ಯಾವ ಬಣ್ಣ?" ಎಂದರು ಸಾಹೇಬರು.

"ಕಂದು ಸಾರ್. ಹಣೆ ಮೇಲೊಂದು ಚುಕ್ಕಿ ಇದೆ."

"ಕರು ಅಲ್ಲಯ್ಯ, ಸಗಣಿ."

ನಿಧಾನಯ್ಯ ಎದುರಿಗಿದ್ದ ಗೋಡೆ ನೋಡಿದ. "ಬಿಳಿ ಸಾರ್."

ಸಾಹೇಬರು ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ ಬಂದ ದನಿ, ಫೈಲುಗಳನ್ನು ಮುಖಕ್ಕೆ ಎಸೆಯುವ ಮನುಷ್ಯನದಾಗಿರಲಿಲ್ಲ. ತಾವು ಹುಟ್ಟಿ ಬೆಳೆದದ್ದು ದನದ ಕೊಟ್ಟಿಗೆಯ ಪಕ್ಕದಲ್ಲಂತೆ. ಏಳು ವರ್ಷದವರಿದ್ದಾಗ ತಮ್ಮ ಮೆಚ್ಚಿನ ಕರುವನ್ನು ಇದೇ ಬಿಳಿ ಭೇದಿ ಎರಡೇ ದಿನದಲ್ಲಿ ಒಯ್ದಿತ್ತಂತೆ. ಹಗುರವಾಗಿ ತೆಗೆದುಕೊಳ್ಳಬೇಡ, ನಾಲ್ಕು ಗಂಟೆಗೆ ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಫೋನಿಟ್ಟರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೇಲಧಿಕಾರಿಯ ಮನಸ್ಸು ಕರಗಿತ್ತು. ಅದು ಕರಗಿದ್ದು ಇಂಥ ಕಡೆ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ, "ನಮ್ಮ ಮನೇಲಿ ಕರು ಇಲ್ಲ ಅನ್ನೋದು ನಿಮಗೆ ಗೊತ್ತಿದೆಯಲ್ವಾ?" ಎಂದು ವಿಚಾರಿಸಿದಳು. ಗೊತ್ತಿದೆ ಅಂದ. ಹಾಗಾದರೆ ಸರಿ ಎಂದು ಒಳಗೆ ಹೋದಳು.

ಇಲ್ಲದ ಕರುವನ್ನು ತರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಹಾಲಿನಕ್ಕ ಹಸು ಕಟ್ಟಿ, ಹಾಲು ಮಾರಿ, ಒಬ್ಬಳೇ ಸಂಸಾರ ತೂಗಿಸುವ ಗಟ್ಟಿ ಹೆಂಗಸು. ಅಂದು ಮಗಳ ಮನೆಗೆ ಹೊರಟು ನಿಂತಿದ್ದಳು. ಸಂಜೆಯವರೆಗೆ ಕರುವನ್ನು ನಮ್ಮ ಹಿತ್ತಲಲ್ಲಿ ಕಟ್ಟಿಕೊಳ್ಳುತ್ತೇನೆ, ನನಗೂ ಹೊತ್ತು ಹೋಗುತ್ತದೆ ಎಂದು ನಿಧಾನಯ್ಯ ಕೇಳಿದಾಗ ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವನು ಯಾವತ್ತೂ ಯಾವುದನ್ನೂ ಕಟ್ಟಿದ್ದನ್ನಾಗಲಿ ಬಿಚ್ಚಿದ್ದನ್ನಾಗಲಿ ಅವಳು ಕಂಡಿರಲಿಲ್ಲ. ಆದರೂ ಹಗ್ಗ ಕೈಗಿತ್ತು, "ಹೊಟ್ಟೆ ತುಂಬ ಕುಡ್ದಿದೆ. ಸಂಜೆ ನಾನು ಬರೋವರ್ಗೂ ಒಂದು ತೊಟ್ಟೂ ಏನೂ ಕೊಡಬೇಡಿ," ಎಂದು ಹೇಳಿ ಹೋದಳು.

ಕರುವೇನೋ ಬಂತು. ಭೇದಿ ಬರಬೇಕಲ್ಲ. ಅದು ಹಾಕಿದ ಸಗಣಿ ಅಚ್ಚುಕಟ್ಟಾಗಿ, ಗಟ್ಟಿಯಾಗಿ, ಆರೋಗ್ಯ ಇಲಾಖೆಯವರು ಪ್ರದರ್ಶನಕ್ಕಿಡಬಹುದಾದಂತೆ ಇತ್ತು. ನಿಧಾನಯ್ಯ ಒಂದು ಬೋಗುಣಿಯಲ್ಲಿ ಮೈದಾ ಹಿಟ್ಟನ್ನು ನೀರಾಗಿ ಕಲಸಿ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕರುವಿನ ಹಿಂದೆ ಚೆಲ್ಲುವುದೆಂದು ತೀರ್ಮಾನಿಸಿ, ಚಾಪೆ ಹಾಸಿ ಮಲಗಿದ.

ಕಣ್ಣು ಮುಚ್ಚುವಷ್ಟರಲ್ಲಿ ಇನ್ನೊಂದು ಪಕ್ಕದ ಮನೆಯ ಕಾಂಪೌಂಡರ್ ಅಜ್ಜ ಬಂದರು. ಆಸ್ಪತ್ರೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೀದಿಯವರಿಗೆ ಔಷಧಿ ಕೊಡುವುದನ್ನು ಅವರು ಬಿಟ್ಟಿರಲಿಲ್ಲ, ಬೀದಿಯವರು ಅದನ್ನು ಗುಟ್ಟಾಗಿ ಚೆಲ್ಲುವುದನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತು ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದರಂತೆ. ಭೇದಿಗೆ ಗಂಜಿಗಿಂತ ದೊಡ್ಡ ಮದ್ದಿಲ್ಲ ಎಂದು ಒಂದು ತಂಬಿಗೆ ತುಂಬ ಗಂಜಿ ತಂದಿದ್ದರು.

ಕರುವಿಗೆ ಏನೂ ಆಗಿಲ್ಲ ಎಂದರೆ ಸುದ್ದಿ ನಾಲ್ಕು ಗಂಟೆಗೆ ಸಾಹೇಬರ ಕಿವಿಗೆ ಬೀಳುವುದು ಖಂಡಿತ. ನಿಧಾನಯ್ಯ ಬಾಯಿ ಬಿಡಲಿಲ್ಲ. ಕರು ಬಿಟ್ಟಿತು. ಅಜ್ಜ ಸುರಿದರು.

ಅಜ್ಜನ ಹಿಂದೆಯೇ ಎದುರು ಮನೆಯ ಟೈಲರಮ್ಮ. ಗಂಜಿ ಕುಡಿಸಿ ಎಳೆಕರುವಿನ ಹೊಟ್ಟೆ ಹಾಳುಮಾಡುತ್ತಾರೆಯೇ ಎಂದು ಅಜ್ಜನನ್ನು ತರಾಟೆಗೆ ತೆಗೆದುಕೊಂಡು, ಹೊಟ್ಟೆ ಸರಿಮಾಡಲು ಫ್ರಿಜ್ಜಿನಿಂದ ಆಗತಾನೇ ತೆಗೆದ ಎರಡು ಲೀಟರ್ ಹಾಲನ್ನು ಬಕೆಟ್ಟಿಗೆ ಸುರಿದಳು. ಕಚೇರಿಯ ಬೀಳ್ಕೊಡುಗೆ ಸಮಾರಂಭದಲ್ಲಿ ತಿಂಡಿಯ ಮೇಲೆ ಬೀಳುವ ನೌಕರರ ಹಾಗೆ ಕರು ಬಕೆಟ್ಟಿಗೆ ಬಿತ್ತು. ಇದನ್ನು ಕಂಡು ಸೋಲೊಪ್ಪದ ಅಜ್ಜ ಇನ್ನೊಂದು ತಂಬಿಗೆ ತಂದರು. ಇಬ್ಬರೂ ಒಬ್ಬರ ಮೇಲೊಬ್ಬರು ಹಟ ತೊಟ್ಟು, ಆರೋಗ್ಯವಾಗಿದ್ದ ಕರುವನ್ನು ಮಧ್ಯಾಹ್ನದವರೆಗೆ ಗುಣಪಡಿಸಿದರು.

ಎರಡು ಗಂಟೆಗೆ ಕರು ಬಾಲ ಎತ್ತಿತು. ಈ ಸಲ ಕುಣಿಯುವುದಕ್ಕಲ್ಲ.

ಗೋಡೆ, ಬಾವಿಕಟ್ಟೆ, ಒಣಹಾಕಿದ್ದ ಪಂಚೆ, ನಿಧಾನಯ್ಯನ ಚಾಪೆ, ಯಾವುದಕ್ಕೂ ಪಕ್ಷಪಾತವಾಗಲಿಲ್ಲ. ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ನೋಡಿ, "ಒಳ್ಳೇದಾಯ್ತು, ಹಿಟ್ಟು ಉಳೀತು," ಎಂದು ಬೋಗುಣಿಯನ್ನು ಒಳಗೆ ಒಯ್ದಳು.

ಮೊದಮೊದಲು ನಿಧಾನಯ್ಯನಿಗೆ ಒಳಗೊಳಗೇ ಖುಷಿ. ಅವನ ಅರ್ಜಿಗೆ ಇಷ್ಟು ನಿಷ್ಠೆಯಿಂದ ದುಡಿದ ಇನ್ನೊಂದು ಜೀವ ಲೋಕದಲ್ಲಿರಲಿಲ್ಲ. ಆದರೆ ಮೂರು ಗಂಟೆಯ ಹೊತ್ತಿಗೆ ಕರು ಮಲಗಿತು. ಕರೆದರೆ ತಲೆ ಎತ್ತಲಿಲ್ಲ. ಕಿವಿ ಮುಟ್ಟಿ ನೋಡಿದ, ತಣ್ಣಗಿತ್ತು. ಬೆಳಿಗ್ಗೆ ಗೋಲಿಯ ಹಾಗೆ ಹೊಳೆಯುತ್ತಿದ್ದ ಕಣ್ಣುಗಳು ಒಳಕ್ಕೆ ಇಳಿದಿದ್ದವು. ಅದು ಅವನನ್ನೇ ನೋಡುತ್ತಿತ್ತು, ದೂರು ಹೇಳುವ ಹಾಗಲ್ಲ, ನಂಬಿಕೊಂಡವರ ಹಾಗೆ. ನಿಧಾನಯ್ಯ ತನ್ನ ಹೊದಿಕೆ ತಂದು ಕರುವಿಗೆ ಹೊದಿಸಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಹೇಬರು ಬೇಗ ಬರಲಿ ಎಂದು ಕಾಯತೊಡಗಿದ. ನೌಕರಿಗೆ ಸೇರಿದ ಮೇಲೆ ಅವನು ಸಾಹೇಬರಿಗಾಗಿ ಕಾದದ್ದು ಅದೇ ಮೊದಲು.

ಸಾಹೇಬರು ಬಂದವರೇ ಬೂಟು ಕಳಚಿ, ಪ್ಯಾಂಟು ಮಡಿಚಿ, ನೇರ ಗಲೀಜಿನೊಳಗೆ ಕುಕ್ಕರುಗಾಲಲ್ಲಿ ಕೂತರು. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಮೆಲ್ಲಗೆ ಹಿಂದಕ್ಕೆ ಹೋಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ, ಆದರೆ ಕೈಮೀರಿಲ್ಲ ಎಂದರು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಬೆರೆಸಿ, ಉಗುರು ಬೆಚ್ಚಗೆ, ಎರಡೆರಡು ಗಂಟೆಗೊಮ್ಮೆ ಕುಡಿಸಬೇಕು. ಹಾಲು ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ ಕೊಡಬೇಕು. ಕೆಳಗೆ ಒಣಹುಲ್ಲು, ಗಲೀಜಾದ ಹಾಗೆಲ್ಲ ಬದಲಾಯಿಸಬೇಕು. ನಾಳೆ ಬೆಳಿಗ್ಗೆ ಎದ್ದು ನಿಲ್ಲದಿದ್ದರೆ ಪಶುವೈದ್ಯರನ್ನು ತಾವೇ ಕರೆತರುವುದಾಗಿಯೂ ಹೇಳಿದರು. ಮೊದಲ ಬಾಟಲಿಯನ್ನು ತಾವೇ ಕುಡಿಸಿದರು. ಕರು ನಾಲಗೆ ಚಪ್ಪರಿಸಿತು. ಸಾಹೇಬರ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಹಿತ್ತಲ ಗೇಟು ಕಿರ್ರೆಂದಿತು. ಹಾಲಿನಕ್ಕ.

ಅವಳು ಕರುವನ್ನು ನೋಡಿದಳು, ಬರಿಗಾಲಿನ ಸಾಹೇಬರನ್ನು ನೋಡಿದಳು, ಕೊನೆಗೆ ನಿಧಾನಯ್ಯನ ಮುಖ ನೋಡಿದಳು. ನೀವು ಯಾರಮ್ಮ, ನಿಮಗೂ ಕರುವಿಗೂ ಏನು ಸಂಬಂಧ ಎಂದು ಸಾಹೇಬರು ಅವಳನ್ನು ಕೇಳಿದರು.

ಹಾಲಿನಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಪಕ್ಕದ ಮನೆಯವಳು ಸಾಹೇಬ್ರೆ. ಕರು ಇವರದೇ. ಮಗುವಿನ ಹಾಗೆ ನೋಡ್ಕೋತಾರೆ. ಒಬ್ಬರ ಕೈಗೂ ಕೊಡಲ್ಲ."

ನಿಧಾನಯ್ಯ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಸಾಹೇಬರು ಅವನ ಬೆನ್ನು ತಟ್ಟಿ, ಒಂದು ದಿನ ಎಲ್ಲಿ ಸಾಕು, ಐದು ದಿನ ರಜೆ ತಗೋ ಎಂದರು. ದಿನಾ ಬೆಳಿಗ್ಗೆ ಆರಕ್ಕೆ ತಾವು ಬಂದು ನೋಡುವುದಾಗಿ ಹೇಳಿ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊರಟರು.

ಜೀಪಿನ ಸದ್ದು ಅಡಗಿದ ಮೇಲೆ ನಿಧಾನಯ್ಯ ಕೈಮುಗಿದ. ಮಾನ ಉಳಿಸಿದಿರಿ ಅಕ್ಕ, ನನ್ನದು ತಪ್ಪಾಯಿತು, ಇನ್ನು ನಿಮ್ಮ ಕರುವನ್ನು ನಿಮ್ಮ ಕೊಟ್ಟಿಗೆಗೆ ನಾನೇ ಎತ್ತಿಕೊಂಡು ಬಂದು ಬಿಡುತ್ತೇನೆ ಎಂದ.

"ನನ್ನ ಕರುವಾ?" ಹಾಲಿನಕ್ಕ ಕರುವಿನ ಹಣೆ ಸವರಿ ಎದ್ದು ನಿಂತಳು. "ಭೇದಿ ನಿಲ್ಲೋವರ್ಗೂ ಇದು ನಿಮ್ಮದು. ನಿಂತ ಮೇಲೆ ನಂದು. ಆರು ಗಂಟೆಗೆ ನಾನೂ ಬರ್ತೀನಿ, ಸಾಹೇಬರು ಬರೋ ಹೊತ್ತಿಗೆ ಸರಿಯಾಗಿ."

ಗೇಟು ಮುಚ್ಚಿಕೊಂಡಿತು. ಕರು ತಲೆ ಎತ್ತಿ ನಿಧಾನಯ್ಯನನ್ನು ಅಕ್ಕರೆಯಿಂದ ನೋಡಿ, ನಿಧಾನವಾಗಿ ಬಾಲ ಎತ್ತಿತು.