ಆಳೆತ್ತರದ ಮೇಣದಬತ್ತಿ

ಸೀರೋಸ್ ದ್ವೀಪದ ಬಂದರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಆರ್ಗೀರಿಸನ ಕತ್ತರಿ ಸುಮಾರಾಗಿತ್ತು, ನಾಲಗೆ ಮಾತ್ರ ಬಲು ಹರಿತ. ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿದ ಕೂಡಲೇ ಅವನು ಸಮುದ್ರಕ್ಕಿಳಿದುಬಿಡುತ್ತಿದ್ದ. ಬಿರುಗಾಳಿಯಲ್ಲಿ ಹಾಯಿ ಹೇಗೆ ಬಿಚ್ಚಿದೆ, ಅಲೆ ಹೇಗೆ ಸೀಳಿದೆ ಅಂತ ಕೊಚ್ಚಿದ್ದೇ ಕೊಚ್ಚಿದ್ದು. ನಿಜ ಹೇಳಬೇಕೆಂದರೆ, ದಡಕ್ಕೆ ಕಟ್ಟಿದ ದೋಣಿ ಅಲ್ಲಾಡುವುದನ್ನು ನೋಡಿದರೂ ಪುಣ್ಯಾತ್ಮನಿಗೆ ಹೊಟ್ಟೆ ತೊಳಸುತ್ತಿತ್ತು. ಅಥೆನ್ಸಿಗೆ ಹೋಗುವ ದೊಡ್ಡ ಹಡಗಿನಲ್ಲೂ ಮೂಗಿಗೆ ನಿಂಬೆಹಣ್ಣು ಹಿಡಿದು ಕೂರುವವನು. ಯಾರಾದರೂ ಕೇಳಿದರೆ, "ಇದೂ ಒಂದು ಹಡಗಾ? ತಗಡಿನ ಡಬ್ಬ. ಹಾಯಿದೋಣೀಲಿ ಬೆಳೆದೋನಿಗೆ ಇದು ಹಿಡಿಸಲ್ಲ" ಅನ್ನುತ್ತಿದ್ದ.

ಆ ಬಾಯಿಯೇ ಕೊನೆಗೆ ಕುತ್ತು ತಂದಿತು. ಒಂದು ದಿನ ಮಾವ ಕ್ಯಾಪ್ಟನ್ ಜಾನ್ನಿಸರ ಗಡ್ಡ ಹೆರೆಯುತ್ತಾ, "ನನ್ನ ಹತ್ರ ಒಂದು ದೋಣಿ ಇದ್ದಿದ್ರೆ, ಮದುವೆಯ ಬೆಳ್ಳಿಹಬ್ಬಕ್ಕೆ ನಿಮ್ಮ ಮಗಳನ್ನ ಎಲ್ಲಾ ದ್ವೀಪಾನೂ ಸುತ್ತಿಸ್ತಿದ್ದೆ" ಎಂದುಬಿಟ್ಟ.

ಮುದುಕರು ನೊರೆಯ ಮುಖದಲ್ಲೇ ಎದ್ದು ನಿಂತು ಅಳಿಯನನ್ನು ತಬ್ಬಿಕೊಂಡರು. "ನಂದು ಸುಮ್ನೆ ಬಿದ್ದಿದೆಯಲ್ಲೋ. ತಗೊಂಡು ಹೋಗು."

ನಾಳೆ ಹೊರಡಬೇಕು ಅನ್ನುವ ದಿನ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಊರಿನವರೆಲ್ಲ ಸೇರಿ ಅವನ ಪ್ರವಾಸದ ಯೋಜನೆ ಹಾಕುತ್ತಿದ್ದರು. ಆಲಿವ್ ಬೀಜಗಳೇ ದ್ವೀಪಗಳು, ಬೆಂಕಿಕಡ್ಡಿಯೇ ದೋಣಿ. ಒಬ್ಬರು ಮೊದಲು ಪಾರೋಸ್ ಅಂದರು, ಇನ್ನೊಬ್ಬರು ನಾಕ್ಸೋಸ್ ಬಿಟ್ಟು ಪಾರೋಸಿಗೆ ಹೋಗುವವನು ಕತ್ತೆ ಅಂದರು. ಕತ್ತೆ ಯಾರೆಂದು ಆರ್ಗೀರಿಸನಿಗೆ ಚೆನ್ನಾಗಿ ಗೊತ್ತಿತ್ತು.

"ಮಾವ, ಅಕಸ್ಮಾತ್ ಮೆಲ್ತೇಮಿ ಗಾಳಿ ಎದ್ದರೆ?" ಎಂದು ಮೆಲ್ಲಗೆ ಕೇಳಿದ.

"ಎದ್ದರೆ ಬಂದರು ಮುಚ್ತಾರೆ, ಒಂದು ದೋಣೀನೂ ಬಿಡಲ್ಲ. ನೀನು ಎದೆಗುಂದಬೇಡ, ಒಂದು ಎಲೆ ಅಲ್ಲಾಡ್ತಿಲ್ಲ ನೋಡು."

ಆಗಸ್ಟ್ ತಿಂಗಳಲ್ಲಿ ತಲೆಯ ಮೇಲಿನ ಟೋಪಿ ಇರಲಿ, ಟೋಪಿಯ ಕೆಳಗಿನ ತಲೆಯನ್ನೂ ಹಾರಿಸಿಕೊಂಡು ಹೋಗುವ ಗಾಳಿ ಈ ವರ್ಷ ಎಲ್ಲಿ ಸತ್ತಿತ್ತೋ. ಆರ್ಗೀರಿಸ್ ನೇರ ಬಂದರಿನ ಗುಡಿಗೆ ಓಡಿದ. ಕಡಲಿನವರನ್ನು ಕಾಯುವ ಸಂತ ನಿಕೋಲಸನ ಪಟದ ಮುಂದೆ ನಿಂತು, "ಅಪ್ಪಾ, ಊರೆಲ್ಲ ಗಾಳಿ ನಿಲ್ಲಿಸು ಅಂತ ಬೇಡ್ಕೊಳ್ಳುತ್ತೆ. ನಾನೊಬ್ಬ ಎಬ್ಬಿಸು ಅಂತಿದ್ದೀನಿ. ಈ ಪ್ರವಾಸ ತಪ್ಪಿಸಿ ಮಾನ ಉಳಿಸಿಬಿಡು, ಇವತ್ತೇ ನನ್ನೆತ್ತರದ ಮೇಣದಬತ್ತಿ ಹಚ್ತೀನಿ" ಎಂದು ಹರಕೆ ಹೊತ್ತ.

ಊಟದ ಹೊತ್ತಿಗೆ ಎದುರುಮನೆಯ ಕಿಟಕಿ ಪಟಾರೆಂದು ಬಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಕಾಫಿ ಅಂಗಡಿಯ ಕುರ್ಚಿಗಳು ರಸ್ತೆಯಲ್ಲಿ ಉರುಳತೊಡಗಿದವು. ಸಂಜೆಯಾಗುವ ಮುಂಚೆಯೇ ಬಂದರು ಮುಚ್ಚಿತು. ಆರ್ಗೀರಿಸ್ ಅಂಗಡಿಯ ಬಾಗಿಲಲ್ಲಿ ತಲೆಗೆ ಕೈಹೊತ್ತು ಕೂತು, ಹೋಗಿಬರುವವರ ಸಮಾಧಾನದ ಮಾತುಗಳನ್ನೆಲ್ಲ ನಿಟ್ಟುಸಿರು ಬಿಟ್ಟು ಸ್ವೀಕರಿಸಿದ. ಒಳಗೊಳಗೇ ಕುಣಿಯುತ್ತಿದ್ದ.

ಕತ್ತಲಾಗುವ ಮುಂಚೆ ಮೇಣದಬತ್ತಿ ಮಾರುವ ಫ್ರೋಸೋ ಅಜ್ಜಿಯ ಅಂಗಡಿಗೆ ಹೋದ. ಅಜ್ಜಿ ಒಂದು ಬತ್ತಿ ತಂದು ಅವನ ಪಕ್ಕಕ್ಕೆ ನಿಲ್ಲಿಸಿ ಅಳತೆ ನೋಡಿತು.

"ನಿನಗಿಂತ ನಾಲ್ಕು ಬೆರಳು ಗಿಡ್ಡ ಇದೆಯಲ್ಲಪ್ಪ."

"ಪರವಾಗಿಲ್ಲಜ್ಜಿ, ನಾನೇ ಸ್ವಲ್ಪ ಬಗ್ತೀನಿ."

"ಪ್ರವಾಸಾನೇ ನಿಂತುಹೋಯ್ತು, ಈಗೆಂಥ ಹರಕೆ ನಿಂದು?"

"ನಡುನೀರಲ್ಲಿ ಸಿಲುಕಿಸದೆ ಮೊದಲೇ ಗಾಳಿ ಎಬ್ಬಿಸಿ ಕಾಪಾಡಿದನಲ್ಲ, ಅದಕ್ಕೆ."

"ಸರಿ ಬಿಡು. ಆಳೆತ್ತರದ್ದು ಇವತ್ತು ಇದು ಎರಡನೇದು. ಇನ್ನು ಉಳಿದಿರೋದು ಒಂದೇ."

ಗುಡಿಯೊಳಗೆ ಕಾಲಿಟ್ಟರೆ, ಎದುರಿಗೇ ಹೆಂಡತಿ ಎವಾಂಥಿಯಾ ತನ್ನೆತ್ತರದ ಬತ್ತಿ ಹಚ್ಚುತ್ತಾ ನಿಂತಿದ್ದಾಳೆ. ಅವನನ್ನು ಕಂಡವಳೇ ಅತ್ತುಬಿಟ್ಟಳು.

"ನನ್ನ ಬೈಬೇಡ. ಗಾಳಿ ಎಬ್ಬಿಸು ಅಂತ ಹರಕೆ ಹೊತ್ತೋಳು ನಾನೇ. ಕ್ಯಾಪ್ಟನ್ ಮಗಳಾಗಿಯೂ ನನಗೆ ದೋಣಿ ಅಂದ್ರೆ ಜೀವ ಹೋಗುತ್ತೆ ಕಣೋ. ನಿನ್ನ ಆಸೆ ನೋಡಿ ಹೇಳೋಕಾಗಲಿಲ್ಲ."

ಆರ್ಗೀರಿಸನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಪ್ಪತ್ತೈದು ವರ್ಷದ ಸುಳ್ಳನ್ನೆಲ್ಲ ಅಲ್ಲೇ ಒಪ್ಪಿಕೊಂಡು ಹಗುರಾಗಬೇಕು ಅನ್ನಿಸಿತು. "ಅಯ್ಯೋ ಹುಚ್ಚಿ, ಅಳ್ತಾರಾ ಇದಕ್ಕೆ? ನಿಜ ಹೇಳಬೇಕಂದ್ರೆ ನಾನೂ..."

"ತಡಿ, ಪೂರ್ತಿ ಕೇಳು. ನನ್ನಿಂದ ನಿನ್ನ ಸಂತೋಷ ಹಾಳಾಗಬಾರದಲ್ಲ. ಅದಕ್ಕೇ ಹರಕೇಲಿ ಅದನ್ನೂ ಸೇರಿಸಿದೆ. ಸಂತನೇ, ಗಾಳಿ ನಿಂತ ದಿನವೇ ನನ್ನ ಗಂಡ ಒಬ್ಬನೇ ಹಾಯಿದೋಣೀಲಿ ಬಂದು, ನಡುಗಡಲ ಬಂಡೆ ಮೇಲಿರೋ ನಿನ್ನ ಗುಡೀಲಿ ದೀಪ ಹಚ್ತಾನೆ ಅಂತ. ಅಪ್ಪನಿಗೂ ಹೇಳಿದೆ, ತುಂಬಾ ಖುಷಿಪಟ್ಟರು."

ಆರ್ಗೀರಿಸನ ಕೈಯಲ್ಲಿದ್ದ ಮೇಣದಬತ್ತಿ ವಾಲಿತು. ಸಂತನಿಗೆ ಕೊಟ್ಟ ಮಾತು, ಸೀರೋಸಿನಲ್ಲಿ ಅದನ್ನು ತಪ್ಪಿದವನ ಹತ್ತಿರ ಗಡ್ಡ ಹೆರೆಸಲೂ ಯಾರೂ ಬರುವುದಿಲ್ಲ. ಹೇಗೋ ತನ್ನ ಬತ್ತಿ ಹಚ್ಚಿ, "ಈಗ ಬಂದೆ" ಎಂದು ಎದುರುಗಾಳಿಯಲ್ಲಿ ಏದುಸಿರು ಬಿಡುತ್ತಾ ಅಜ್ಜಿಯ ಅಂಗಡಿಗೆ ಓಡಿದ.

"ಅಜ್ಜಿ, ಆ ಉಳಿದಿರೋ ಬತ್ತಿ ಕೊಡು ಬೇಗ. ಈ ಗಾಳಿ ಇನ್ನು ನಿಲ್ಲಲೇಬಾರದು."

ಫ್ರೋಸೋ ಅಜ್ಜಿ ಬಾಗಿಲಿಗೆ ಅಗುಳಿ ಹಾಕುತ್ತಿತ್ತು. "ಅದನ್ನ ಈಗಷ್ಟೇ ನಿಮ್ಮ ಮಾವ ತಗೊಂಡು ಹೋದರಲ್ಲಪ್ಪ. ಅಳಿಯ ಹೊರಡೋಕೆ ಬೆಳಗಾಗೋದ್ರೊಳಗೆ ಗಾಳಿ ನಿಲ್ಲಬೇಕು ಅಂತ ಹರಕೆಯಂತೆ. ಅವರು ಕೇಳಿಕೊಂಡಿದ್ದನ್ನ ಸಂತ ಇವತ್ತಿನವರೆಗೂ ಇಲ್ಲ ಅಂದಿಲ್ಲ, ನೀನು ಹೋಗಿ ಮಲಗು."