ಕಬ್ಬಿಣದ ಕೈ, ಬೆಣ್ಣೆ ರೊಟ್ಟಿ

ನನಗೆ ಚಳಿಯಾಗುವುದಿಲ್ಲ.

ಡಿಸೆಂಬರ್ ಒಂದನೇ ತಾರೀಕು ಬೆಳಗಿನ ಜಾವ ಐದು ಗಂಟೆಗೆ, ಹೊಸಪೇಟೆಯ ಚಿತ್ತವಾಡಗಿಯ ನಮ್ಮ ಓಣಿಯಲ್ಲಿ ಬೈಕಿನ ಮೇಲೆ ಕುಳಿತು, ನಾಲ್ಕು ಮನೆಗೆ ಕೇಳುವ ಹಾಗೆ ನಾನು ಹೀಗೆಂದು ಘೋಷಿಸಿದೆ. ಅಲ್ಲಿಂದ ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಗೆ ಮೂವತ್ತು ಕಿಲೋಮೀಟರ್. ಆರರ ಶಿಫ್ಟಿಗೆ ಹೋಗುವವರೆಲ್ಲ ಮಂಕಿ ಕ್ಯಾಪು, ಮಫ್ಲರು, ಸ್ವೆಟರಿನೊಳಗೆ ಅಡಗಿ ಕೂತಿರುತ್ತಾರೆ. ನಾನು ಕೊಟ್ರಬಸಪ್ಪ. ಹದಿನಾಲ್ಕು ವರ್ಷದಿಂದ ಫರ್ನೇಸಿನ ಪಕ್ಕ ನಿಂತು ದುಡಿದವನು. ನನ್ನವು ಕಬ್ಬಿಣದ ಕೈಗಳು. ಕಬ್ಬಿಣಕ್ಕೆ ಎಂದಾದರೂ ಚಳಿಯಾದದ್ದುಂಟೇ?

"ಕಬ್ಬಿಣಾನ ಎಲ್ಲಾದಕ್ಕಿಂತ ಜಲ್ದಿ ತಣ್ಣಗಾಗೋದು," ಎಂದಳು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಗಂಗಾಂಬಿಕಾ.

ಮಹಾಪುರುಷರ ಮಾತು ಮನೆಯವರಿಗೆ ಅರ್ಥವಾಗುವುದಿಲ್ಲ. ನಾನು ಗಾಡಿ ಎಬ್ಬಿಸಿದೆ.

ಈ ಕಬ್ಬಿಣದ ಕೈಗಳಲ್ಲಿ ಒಂದು ಸಣ್ಣ ಕೊರತೆ ಇದೆ ಎಂದು ಈಗಲೇ ಹೇಳಿಬಿಡುತ್ತೇನೆ. ಎಡಗೈಯ ಕಿರುಬೆರಳಿಗೆ ಒಂದು ಗೆಣ್ಣು ಕಡಿಮೆ. ನಮ್ಮೂರು ಮೆಟ್ರಿಯಲ್ಲಿ, ಎಂಟನೇ ವಯಸ್ಸಿನಲ್ಲಿ, ಅಪ್ಪನ ಸೈಕಲ್ಲಿನ ಚೈನು ಹೇಗೆ ತಿರುಗುತ್ತದೆ ಎಂದು ಬೆರಳಿಟ್ಟು ನೋಡಿ ಅದನ್ನು ವಿಜ್ಞಾನಕ್ಕೆ ಅರ್ಪಿಸಿದ್ದೇನೆ. ಉಳಿದ ಒಂಬತ್ತೂವರೆ ಬೆರಳಿನಿಂದ ಸಂಸಾರ, ಕೆಲಸ ಎರಡೂ ನಡೆದಿವೆ.

ಆದರೆ ಆ ಒಂಬತ್ತೂವರೆ ಬೆರಳೂ ಪಾಪಿನಾಯಕನಹಳ್ಳಿ ದಾಟುವುದರೊಳಗೆ ನನ್ನವಲ್ಲ ಅನಿಸತೊಡಗುತ್ತಿತ್ತು. ಸಂಡೂರು ಗುಡ್ಡದ ಕಡೆಯಿಂದ ಬರುವ ಗಾಳಿ ನೇರವಾಗಿ ಉಗುರಿನ ಬುಡಕ್ಕೇ ನುಗ್ಗುತ್ತಿತ್ತು. ಅದಿರು ಲಾರಿ ಎದುರು ಬಂದಾಗ ಹಾರ್ನ್ ಒತ್ತಲು ಹೋದರೆ ಹೆಬ್ಬೆರಳು ಇಂಡಿಕೇಟರ್ ಒತ್ತುತ್ತಿತ್ತು. ಫ್ಯಾಕ್ಟರಿಯವರು ಕೊಟ್ಟ ಚರ್ಮದ ಗ್ಲೌಸನ್ನು ಗೇಟಿನ ಹೊರಗೆ ತರುವ ಹಾಗಿಲ್ಲ. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಓಣಿಗೆಲ್ಲ ಘೋಷಣೆ ಮಾಡಿಯಾಗಿದೆ. ಗಾದಿಗನೂರಿನಲ್ಲಿ ಹೊಳೆಮ್ಮನ ಚಹಾದ ಅಂಗಡಿ ಇದೆ. ಅಲ್ಲಿ ಎರಡು ಗ್ಲಾಸ್ ಚಹಾ ಹೇಳಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, ಯಾರಿಗೋ ಕಾಯುತ್ತಿರುವವನ ಹಾಗೆ ರಸ್ತೆ ನೋಡುತ್ತಿದ್ದೆ.

ಹೀಗೆ ಮರ್ಯಾದೆಯಿಂದ ನಡುಗಿಕೊಂಡು ಚಳಿಗಾಲ ಕಳೆದುಬಿಡುತ್ತಿದ್ದೆ. ನಡುವೆ ಜಂಬುನಾಥ ಬಂದ.

ಜಂಬುನಾಥ ನಮ್ಮ ಪಕ್ಕದ ಮನೆಯವನು. ನನಗಿಂತ ಐದು ವರ್ಷ ಚಿಕ್ಕವನು. ಅವನದೂ ನನ್ನದೇ ಶಿಫ್ಟು, ನನ್ನದೇ ಸೆಕ್ಷನ್ನು. ದಿನಾ ತನ್ನ ಬೈಕಿನಲ್ಲಿ ನನ್ನ ಹಿಂದೆಯೇ ಬರುತ್ತಾನೆ. ಎರಡನೇ ವಾರ ಒಂದು ದಿನ ಹೊಳೆಮ್ಮನ ಅಂಗಡಿಯ ಮುಂದೆ ಇಳಿದವನ ಕೈ ನೋಡುತ್ತೇನೆ, ಗ್ಲೌಸು! ಅಂಗಡಿಯದಲ್ಲ. ಬೂದು ಬಣ್ಣದ ಉಲ್ಲನ್, ಕೈಯಲ್ಲಿ ಹೆಣೆದದ್ದು, ಮಣಿಕಟ್ಟಿನ ಹತ್ತಿರ ಎರಡು ಕೆಂಪು ಗೆರೆ ಬೇರೆ.

ಹೊಳೆಮ್ಮ ಚಹಾ ಸೋಸುವುದನ್ನು ಬಿಟ್ಟು ಬಂದು ಮುಟ್ಟಿ ನೋಡಿದಳು. "ಎಷ್ಟು ಮೆತ್ತಗದಾವಪ್ಪ. ಎಲ್ಲಿ ತಂದಿ?"

"ನಮ್ ಚಂದ್ರಿ ಕೊಟ್ಲು ಬೇ," ಎಂದ ಜಂಬುನಾಥ. ಚಂದ್ರಿ ಎಂದರೆ ಅವನ ಹೆಂಡತಿ ಚಂದ್ರಕಲಾ.

"ಪುಣ್ಯ ಮಾಡೀದಿ ಬಿಡಪ್ಪ. ಗಂಡನ ಕೈ ಮ್ಯಾಲೆ ಇಷ್ಟು ಅಂತಃಕರಣ ಯಾರಿಗಿರ್ತೈತಿ?"

ನನ್ನ ಎರಡು ಕೈಯ ಚಹಾ ಎರಡೂ ಒಮ್ಮೆಲೇ ಕಹಿಯಾದವು. ಹೊಟ್ಟೆಕಿಚ್ಚು ಎಂದು ಇದಕ್ಕೆ ಹೆಸರಿಟ್ಟವನಿಗೆ ನನ್ನದೊಂದು ಪ್ರಶ್ನೆ: ಹೊಟ್ಟೆಯಲ್ಲಿ ಅಷ್ಟೊಂದು ಕಿಚ್ಚಿದ್ದರೂ ಕೈಗೆ ಯಾಕೆ ಒಂದಿಷ್ಟೂ ಬಿಸಿ ತಲುಪುವುದಿಲ್ಲ?

ಅಂದಿನಿಂದ ನನಗೆ ಅದೊಂದೇ ಧ್ಯಾನ. ಗೇಟಿನಲ್ಲಿ ಸೆಕ್ಯೂರಿಟಿ ಲಿಂಗರಾಜ್ ಅವನ ಗ್ಲೌಸ್ ಹೊಗಳಿದ. ಕ್ಯಾಂಟೀನಿನಲ್ಲಿ ಬಡಿಸುವವನು ಹೊಗಳಿದ. ಜಂಬುನಾಥ ಅವನ್ನು ಬಿಚ್ಚುವಾಗ ಒಂದೊಂದೇ ಬೆರಳು ಎಳೆದು ಬಿಚ್ಚುತ್ತಿದ್ದ, ಮಡಚಿ ಎದೆಯ ಜೇಬಿನಲ್ಲಿಡುತ್ತಿದ್ದ. ನೋಡಿದರೆ ಮೈ ಉರಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಬರೀ ಗ್ಲೌಸ್ ಅಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಕೈಗೆ ಚಳಿಯಾಗುತ್ತದಲ್ಲ ಎಂದು ಮನೆಯಲ್ಲಿ ಒಬ್ಬರು ಕೂತು ಹೆಣೆದಿರಬೇಕು. ಅಂಥದ್ದು ಬೇಕಾಗಿತ್ತು. ಜಂಬುನಾಥನಿಗೆ ಅದು ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ.

ಒಂದೇ ಒಂದು ಸಮಾಧಾನವಿತ್ತು. "ಎಡಗೈ ಕಿರಿಬೆರಳು ಒಂದ ಬಿಗಿ ಅಣ್ಣಾ," ಎಂದಿದ್ದ ಜಂಬುನಾಥ. "ತುದಿ ಮಡಚಿಕೊಂಡು ಕುಂದ್ರಬೇಕು."

ನಾನು ಅದನ್ನು ಇಡೀ ಸೆಕ್ಷನ್ನಿಗೆ ಹಂಚಿದೆ. "ಅಳತಿ ಗೊತ್ತಿಲ್ದಾರು ಹೆಣೆದ್ರ ಹಂಗ. ಅದೇನು ಬೆರಳೋ, ಬೆಂಡಿಕಾಯಿ ತುಂಡೋ!" ಎಂದು ಕ್ಯಾಂಟೀನಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಆ ದಿನ ಊಟ ರುಚಿಯಾಗಿತ್ತು.

ಮನೆಗೆ ಬಂದು ಗಂಗಾಳ ಮುಂದೆ ವಿಷಯ ತೆಗೆದೆ. ಅವಳು ಸಂಜೆಯ ರೊಟ್ಟಿ ಬಡಿಯುತ್ತಿದ್ದಳು.

"ಜಂಬುನಾಥನ ಗ್ಲೌಸ್ ನೋಡಿದೇನು?"

"ನೋಡೀನ್ರಿ."

"ಚಂದ್ರಕಲಾಗ ಗಂಡನ ಮ್ಯಾಲೆ ಭಾಳ ಕಾಳಜಿ ಐತಿ ನೋಡು."

"ಹೌದ್ರಿ."

"ಕೆಲವರಿಗೆ ಇರ್ತೈತಿ," ಎಂದೆ, ಕೆಲವರಿಗೆ ಎನ್ನುವುದನ್ನು ಚೆನ್ನಾಗಿ ಎಳೆದು.

"ಕೆಲವರಿಗೆ ಇದ್ರೂ, ಇನ್ನ ಕೆಲವರಿಗೆ ಅದು ಬ್ಯಾಡಾಗಿರ್ತೈತ್ರಿ," ಎಂದು ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಅವಳ ಮಾತಿಗೆ ನಾನು ಗಮನ ಕೊಡಲಿಲ್ಲ. ನನ್ನ ಕಣ್ಣು ಆ ರೊಟ್ಟಿಯ ಮೇಲೆ ನೆಟ್ಟಿತ್ತು. ಜೋಳದ ರೊಟ್ಟಿ ಉಬ್ಬಿತು, ಉಸ್ಸೆಂದು ಹಬೆ ಬಿಟ್ಟಿತು. ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಒಂದು ಗಂಟೆಯಾದರೂ ಬಿಸಿ ಬಿಡುವುದಿಲ್ಲ. ಒಂದು ಗಂಟೆ ಎಂದರೆ ಚಿತ್ತವಾಡಗಿಯಿಂದ ಗೇಟಿನವರೆಗಿನ ದಾರಿ! ದಿನಾ ನಾಲ್ಕು ರೊಟ್ಟಿ ಬೆನ್ನ ಹಿಂದಿನ ಬ್ಯಾಗಿನಲ್ಲಿ ಸುಮ್ಮನೆ ಕೂತು ನನ್ನ ಜೊತೆ ಬಿಟ್ಟಿ ಪ್ರಯಾಣ ಮಾಡುತ್ತಿದ್ದವು. ಅವಕ್ಕೂ ಒಂದು ಕೆಲಸ ಕೊಟ್ಟರಾಯಿತು. ಬೆಳಿಗ್ಗೆ ಕೈಗೆ, ಮಧ್ಯಾಹ್ನ ಹೊಟ್ಟೆಗೆ.

ಭಾನುವಾರವಿಡೀ ಕೂತು ಹಳೆಯ ಎರಡು ರೆಕ್ಸಿನ್ ಸಂಚಿ ಕತ್ತರಿಸಿದೆ. ಹ್ಯಾಂಡಲಿನ ಎರಡೂ ತುದಿಗೆ ಒಂದೊಂದು ಸಂಚಿ ಹೊದಿಸಿ, ಲಾಡಿಯಿಂದ ಬಿಗಿದು, ಕೈ ತೂರಿಸಲು ಹಿಂದೆ ಬಾಯಿ ಬಿಟ್ಟೆ. ಸೋಮವಾರ ಮುಂಜಾನೆ ಗಂಗಾಳಿಗೆ ಹೇಳಿದೆ, "ಇವತ್ತು ಡಬ್ಬಿ ಬ್ಯಾಡ. ಹಂಚಿನಿಂದ ತೆಗೆದ ನಾಕು ರೊಟ್ಟಿ ಹಂಗ ಬಟ್ಟಿಯಾಗ ಸುತ್ತಿ ಕೊಡು, ಎರಡೆರಡು."

"ಎದಕ್ರಿ?"

"ಆಮ್ಯಾಲೆ ಗೊತ್ತಾಗ್ತೈತಿ."

ಅವಳು ಮತ್ತೇನೂ ಕೇಳದೆ ಕೊಟ್ಟಳು. ಆದರೆ ಬಿಸಿ ರೊಟ್ಟಿಯಲ್ಲವೇ ಎಂದು ಒಂದೊಂದಕ್ಕೂ ಕೈತುಂಬ ಬೆಣ್ಣೆ ಸವರಿದ್ದಳು. ಅದನ್ನು ನಾನು ನೋಡಿರಲಿಲ್ಲ.

ಆ ಸೋಮವಾರದ ಸವಾರಿಯ ವೈಭವ ಏನು ಹೇಳಲಿ! ಎಡಕ್ಕೆ ಎರಡು ರೊಟ್ಟಿ, ಬಲಕ್ಕೆ ಎರಡು ರೊಟ್ಟಿ, ನಡುವೆ ಚಕ್ರವರ್ತಿಯಾಗಿ ನಾನು. ಜಂಬುನಾಥ ಪಕ್ಕಕ್ಕೆ ಬಂದು ಕೂಗಿದ, "ಅಣ್ಣಾ, ಹ್ಯಾಂಡಲಿಗೆ ಏನ್ರಿ ಅದು?"

"ಸ್ವಂತ ಟೆಕ್ನಾಲಜಿ!" ಎಂದೆ. "ಹೆಂಡತಿ ಕೊಟ್ಟಿದ್ದು!" ಎಂದೂ ಸೇರಿಸಿದೆ.

ಕಾರಿಗನೂರು ದಾಟುವಾಗ ಕರಗಿದ ಬೆಣ್ಣೆ ಸೋರತೊಡಗಿತು. ಬಟ್ಟೆ ದಾಟಿ ಬೆರಳಿಗಿಳಿಯಿತು. ಕ್ಲಚ್ ಹಿಡಿದರೆ ಅದು ಬೆರಳಿನಿಂದ ಜಾರಿ ಹೋಗುತ್ತಿತ್ತು. ಇದ್ದ ಧೈರ್ಯವನ್ನೆಲ್ಲ ಖರ್ಚು ಮಾಡಿ ಹೊಳೆಮ್ಮನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಆದರೆ ಇಳಿಯಲಿಲ್ಲ, ಕೈಯನ್ನು ಸಂಚಿಯಿಂದ ಹೊರಗೆ ತೆಗೆಯಲೂ ಇಲ್ಲ. ಜಂಬುನಾಥ ಇನ್ನೂ ಸ್ವಲ್ಪ ಹೊತ್ತು ನೋಡಲಿ ಎಂದು ಹಾಗೇ ಕೂತೆ.

ಬಸವ ಬಂದದ್ದು ಆಗ.

ಗಾದಿಗನೂರಿನವರು ದೇವರ ಹೆಸರಿನಲ್ಲಿ ಬಿಟ್ಟ ಬಸವ ಅದು. ಅದಕ್ಕೆ ಮೂಗುದಾರವಿಲ್ಲ, ಯಜಮಾನನಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು ಕಳಿಸಬೇಕೇ ಹೊರತು ಗದರುವ ಹಾಗಿಲ್ಲ. ಅದು ನೆಟ್ಟಗೆ ಬಂದು ನನ್ನ ಗಾಡಿಯನ್ನು ಒಮ್ಮೆ ಮೂಸಿ, ಎಡಗಡೆಯ ಸಂಚಿಯೊಳಗೆ ಮುಸುಡಿ ತೂರಿಸಿತು. ಒಳಗೆ ಮೊದಲೇ ನನ್ನ ಕೈ ಇತ್ತು.

"ಹೊಡೀಬ್ಯಾಡ್ರೀ ಯಪ್ಪಾ, ದೇವರ ಬಸವ ಅದು," ಎಂದು ಹೊಳೆಮ್ಮ ಒಳಗಿನಿಂದಲೇ ಕೂಗಿದಳು.

"ನಾನೆಲ್ಲಿ ಹೊಡ್ಯಾಕತ್ತೀನಿ ಬೇ? ಅದ ನನ್ನ ಕೈ ತಿನ್ನಾಕತ್ತೈತಿ!"

"ಕೈ ಎಲ್ಲಿ ತಿಂತೈತ್ರಿ? ಅದು ಜ್ವಾಳದ ರೊಟ್ಟಿ ಬಿಟ್ರ ಬ್ಯಾರೆ ಏನೂ ಮುಟ್ಟಂಗಿಲ್ಲ."

"ಒಳಗ ಇರೋದು ಜ್ವಾಳದ ರೊಟ್ಟೀನ!"

ಅದರ ನಾಲಿಗೆ ಮರಳು ಕಾಗದದ ಹಾಗೆ ಒರಟಾಗಿತ್ತು. ಬೆಣ್ಣೆ ಹತ್ತಿದ ಬೆರಳನ್ನು ಒಂದನ್ನೂ ಬಿಡದೆ ನೆಕ್ಕಿತು. ಸತ್ಯ ಹೇಳುತ್ತೇನೆ, ಆ ಚಳಿಗಾಲದಲ್ಲಿ ನನ್ನ ಎಡಗೈ ನಿಜವಾಗಿ ಬೆಚ್ಚಗಾದದ್ದು ಅದೇ ಮೊದಲ ಸಲ. ಕೂಲಿಗೆ ಹೊರಟಿದ್ದ ನಾಲ್ಕೈದು ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ನಿಂತರು. "ಸೋಮವಾರ ಮುಂಜಾನಿ ಬಸವಣ್ಣಗ ಬೆಣ್ಣಿ ರೊಟ್ಟಿ ತಂದಾನ ನೋಡ್ರವ್ವಾ, ಎಂಥಾ ಭಕ್ತಿವಂತ," ಎಂದು ಕೈಮುಗಿದರು. ನಾನು ಅತ್ತ ಕೈ ಎಳೆದುಕೊಳ್ಳುವಂತಿಲ್ಲ, ಇತ್ತ ಕೈಮುಗಿಯುವಂತಿಲ್ಲ. ನನ್ನ ಹೆಸರಿನಲ್ಲೂ ಬಸಪ್ಪ ಇದ್ದಾನೆ ಎಂಬ ದಾಕ್ಷಿಣ್ಯವನ್ನು ಅದು ತೋರಿಸಲಿಲ್ಲ.

ಎಡಗಡೆ ಮುಗಿಯಿತು. ಬಲಗಡೆಯೂ ಇದೆ ಎಂದು ಅದಕ್ಕೆ ವಾಸನೆ ಹತ್ತಿತು. ಸುತ್ತಿ ಬರುವ ಗೋಜಿಗೆ ಹೋಗದೆ ನನ್ನ ಹೊಟ್ಟೆಯ ಮೇಲಿಂದಲೇ ಕತ್ತು ಚಾಚಿತು. ಗಾಡಿ ವಾಲಿತು. ನಾನು, ಗಾಡಿ, ಸ್ವಂತ ಟೆಕ್ನಾಲಜಿ ಮೂವರೂ ಹೊಳೆಮ್ಮ ಗ್ಲಾಸು ತೊಳೆದು ಚೆಲ್ಲಿದ ಕೆಸರಿಗೆ ಬಿದ್ದೆವು. ಬಸವ ಬಲಗಡೆಯ ರೊಟ್ಟಿಯನ್ನು ನಿಧಾನವಾಗಿ ತಿಂದು, ಸುತ್ತಿದ ಬಟ್ಟೆಯನ್ನೂ ಅಗಿಯುತ್ತಾ ಹೊರಟುಹೋಯಿತು.

ಜಂಬುನಾಥ ಎತ್ತಿ ನಿಲ್ಲಿಸಿದ. ಬೆಣ್ಣೆ, ಜೊಲ್ಲು, ಕೆಸರು ಮೂರೂ ಹತ್ತಿದ ಕೈಯನ್ನು ಹೊಳೆಮ್ಮನ ಡ್ರಮ್ಮಿನ ನೀರಲ್ಲಿ ತೊಳೆದೆ. ಆ ನೀರಿನ ತಂಪು ನೇರವಾಗಿ ಮೂಳೆಗಿಳಿಯಿತು. ಮೇಲೆ ಸಂಡೂರಿನ ಗಾಳಿ. ಕೈ ಗಡಗಡ ನಡುಗತೊಡಗಿತು.

"ಅಣ್ಣಾ, ಚಳಿ ಆಗಾಕತ್ತೈತೇನ್ರಿ?"

"ಇ... ಇ... ಇಲ್ಲ," ಎಂದೆ. ಹಲ್ಲು ಕಟಕಟ ಎಂದು ಬೇರೆಯೇ ಸಾಕ್ಷಿ ಹೇಳಿತು.

ಜಂಬುನಾಥ ನಗಲಿಲ್ಲ. ತನ್ನ ಗ್ಲೌಸ್ ಬಿಚ್ಚಿ, ಟವೆಲಿನಿಂದ ನನ್ನ ಕೈ ಒರೆಸಿ, ತಾನೇ ತೊಡಿಸಿದ. ನಾನು ಬೇಡ ಬೇಡ ಎನ್ನುತ್ತಲೇ ಬೆರಳು ಚಾಚಿದೆ. ಬಲಗೈ ಸರಿಯಾಗಿ ಕೂತಿತು. ಎಡಗೈಯೂ ಕೂತಿತು. ಕಿರುಬೆರಳು ಮಡಚಲಿಲ್ಲ, ಬಿಗಿಯಾಗಲಿಲ್ಲ. ನನ್ನ ಕಿರುಬೆರಳು ಎಲ್ಲಿಗೆ ಮುಗಿಯುತ್ತದೋ ಸರಿಯಾಗಿ ಅಲ್ಲಿಗೇ ಉಲ್ಲನ್ನೂ ಮುಗಿದಿತ್ತು.

"ಅರೆ, ನಿಮಗ ಬರಾಬರಿ ಕುಂತೈತಲ್ರೀ," ಎಂದ ಜಂಬುನಾಥ.

ಅವನು ತನ್ನ ಕೈಗೆ ಟವೆಲ್ ಸುತ್ತಿಕೊಂಡು ಗಾಡಿ ಓಡಿಸಿದ. ಆ ದಿನ ಕ್ಯಾಂಟೀನಿನಲ್ಲಿ ತನ್ನ ಬುತ್ತಿಯಿಂದ ಎರಡು ರೊಟ್ಟಿ ಕೊಟ್ಟವನೂ ಅವನೇ. ನಾನು ಯಾರನ್ನೂ ನಗಿಸಲು ಹೋಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಎರಡೂ ಕೈಯನ್ನು ಗಂಗಾಳ ಮುಂದೆ ಚಾಚಿದೆ. "ಇವನ್ನ ಹೆಣೆದೋರು ಯಾರು?"

ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಹೋದ ಸಂಕ್ರಾಂತಿಗೆ ಹಂಪಿ ಹೊಳಿ ಸ್ನಾನ ಮುಗಿಸಿ ಬಂದು ನಿಮಗೊಂದು ಪೇಪರ್ ಪೊಟ್ಟಣ ಕೊಟ್ಟಿದ್ದೆ. ನೆನಪೈತ್ರಿ?"

ನೆನಪಾಗತೊಡಗಿತು. ಟಿವಿಯಲ್ಲಿ ಕ್ರಿಕೆಟ್ ಬರುತ್ತಿತ್ತು.

"ಏನದು ಅಂತ ಕೇಳಿದ್ರಿ. ಚಳಿಗಿ ಅಂದೆ. ಬಿಚ್ಚಿ ಸಹಿತ ನೋಡ್ಲಿಲ್ಲ. ನಂದು ಕಬ್ಬಿಣದ ಕೈ, ಯಾರಿಗರ ಕೊಟ್ಟುಬಿಡು ಅಂದ್ರಿ. ಚಂದ್ರಿಗೆ ಕೊಟ್ಟೆ. ಅಷ್ಟರಾಗ ಚಳಿ ಮುಗೀತಾ ಬಂದಿತ್ತು, ಟ್ರಂಕಿನ್ಯಾಗ ಇಟ್ಟಿದ್ಲು."

"ನನ್ನ ಅಳತಿ ಯಾವಾಗ ತಗೊಂಡಿ?"

"ಶಿಫ್ಟ್ ಮುಗಿಸಿ ಬಂದು ಗೊರಕಿ ಹೊಡೀತೀರಲ್ಲ, ಆವಾಗ. ದಾರ ಹಿಡಿದು ಒಂದೊಂದ ಬೆರಳು ಅಳದೆ. ಆ ಕಿರಿಬೆರಳು ಒಂದನ್ನ ಮೂರು ಸಲ ಬಿಚ್ಚಿ ಹಾಕೀನಿ." ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಅದಕ್ಕ ನೀವು ಬೆಂಡಿಕಾಯಿ ತುಂಡು ಅಂದ್ರಂತ. ಚಂದ್ರಿ ಹೇಳಿದ್ಲು."

ಮೊರದ ಪಕ್ಕ ಕೂತೆ. ಎರಡು ವಾರ ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಹೆಂಡತಿ ನನಗಾಗಿ ಹೆಣೆದ ಗ್ಲೌಸಿನ ಮೇಲೆ. ಕ್ಯಾಂಟೀನಿನಲ್ಲಿ ಗೇಲಿ ಮಾಡಿದ್ದು ನನ್ನದೇ ಬೆರಳನ್ನು. ಜಂಬುನಾಥನ ಪುಣ್ಯ ಎಂದುಕೊಂಡಿದ್ದೆಲ್ಲ ನಾನು ಬೇಡವೆಂದು ಬಿಟ್ಟದ್ದಾಗಿತ್ತು.

"ಹಂಗಾದ್ರ ಇವು ನನ್ನವು," ಎಂದೆ ಮೆಲ್ಲಗೆ.

"ಆಗಿದ್ವು. ಕೊಟ್ಟಿದ್ದನ್ನ ತಿರುಗಿ ಇಸ್ಕೊಳ್ಳಾಕ ಆಗ್ತೈತೇನ್ರಿ? ಹೋಗಿ ಜಂಬುನಾಥಣ್ಣಗ ಕೊಟ್ಟು ಬರ್ರಿ."

"ಮತ್ತ ನನಗ?"

"ನಿಮಗ ಚಳಿ ಆಗಂಗಿಲ್ಲಲ್ಲ."

ಇಡೀ ಓಣಿ ಕೇಳುವ ಹಾಗೆ ಆ ಮಾತು ಹೇಳಿದ್ದ ಬಾಯಿ ಈಗ ಅವಳೊಬ್ಬಳಿಗೆ ಕೇಳುವಷ್ಟೇ ತೆರೆಯಿತು.

"ಆಗ್ತೈತಿ ಗಂಗಾ," ಎಂದೆ. "ಭಾಳ ಆಗ್ತೈತಿ."

ಅವಳು ಮೊರ ಕೆಳಗಿಟ್ಟಳು. ಒಳಗೆ ಹೋಗಿ ಒಂದು ದಾರ ತಂದು ನನ್ನೆದುರು ಕೂತಳು. "ಕೈ ಕೊಡ್ರಿ," ಎಂದಳು. ಈ ಸಲ ನಾನು ಎಚ್ಚರವಿದ್ದಾಗಲೇ ಅಳತೆ ನಡೆಯಿತು.

ಅಡುಗೆ, ಬಟ್ಟೆ, ನೀರು ಎಲ್ಲ ಮುಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ ಹೆಣೆದಳು. ಕಿರುಬೆರಳನ್ನು ಈ ಸಲವೂ ಬಿಚ್ಚಿ ಹಾಕಿದಳು. ಗ್ಲೌಸ್ ಮುಗಿದದ್ದು ಏಪ್ರಿಲ್ ಎರಡನೇ ವಾರ. ಆಗ ನನಗೆ ಮಧ್ಯಾಹ್ನದ ಶಿಫ್ಟು. ಒಂದು ಗಂಟೆಗೆ ಗಾಡಿ ತೆಗೆದರೆ ಸೀಟಿನ ಮೇಲೆ ಕೂರಲಾಗದಂಥ ಬಿಸಿಲು. ಗಂಗಾ ಬಾಗಿಲಿಗೆ ಬಂದು ಪೊಟ್ಟಣ ಕೈಗಿಟ್ಟಳು.

"ಬ್ಯಾಡಾದ್ರ ಹೇಳ್ರಿ," ಎಂದಳು. "ಯಾರಿಗರ ಕೊಟ್ಟುಬಿಡ್ತೀನಿ."

ಪೊಟ್ಟಣವನ್ನು ಅವಳೆದುರೇ ಬಿಚ್ಚಿದೆ. ಎರಡೂ ಕೈಗೆ ತೊಟ್ಟೆ. ತೋರಣಗಲ್ಲಿನ ಗೇಟು ಮುಟ್ಟುವಾಗ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಲಿಂಗರಾಜ್ ಗೇಟ್ ತೆಗೆಯುವುದನ್ನೇ ಮರೆತು ನನ್ನ ಕೈ ನೋಡುತ್ತಾ ನಿಂತ.

"ಏನ್ರಿ ಕೊಟ್ರಣ್ಣ ಇದು, ಈ ಕೆಟ್ಟ ಬಿಸಿಲಾಗ?"

"ನನಗ ಭಾಳ ಚಳಿಯಪ್ಪ," ಎಂದೆ.